ಅಥಣಿಗೆ ಬರುವ ಹೊಸ ಉದ್ಯಮಿಗಳಿಗೆ

ಮಾನ್ಯ ತರುಣ ಮಿತ್ರರೆ,

2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರದ ಉಡುಪಿನ ಪ್ರದರ್ಶನವೊಂದರಲ್ಲಿ ಪ್ರಾಡಾ ಎಂಬ ಸಿರಿವಂತ ಸಂಸ್ಥೆಯವರು ನಮ್ಮ ಸೀಮೆಯ ಚಪ್ಪಲಿಯನ್ನೇ ಹೋಲುವ ಪಾದರಕ್ಷೆಯನ್ನು ತಮ್ಮ ರೂಪದರ್ಶಿಗಳ ಕಾಲಿಗೆ ತೊಡಿಸಿ, ಅದರ ಹುಟ್ಟಿನ ಮಾತನ್ನು ಮಾತ್ರ ಎತ್ತದೆ ಬಿಟ್ಟಾಗ ಎದ್ದ ಕೋಲಾಹಲವನ್ನು ನೀವೆಲ್ಲರೂ ಬಲ್ಲಿರಿ. ಸಂಸ್ಥೆ ಬಳಿಕ ಆ ಋಣವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಮತ್ತು ಕರ್ನಾಟಕದ ಸರಕಾರಿ ಚರ್ಮೋದ್ಯಮ ನಿಗಮಗಳೆರಡರೊಡನೆ ಒಡಂಬಡಿಕೆ ಮಾಡಿಕೊಂಡು, 2,000 ಜೋಡಿಗಳನ್ನು ಈ ಎರಡು ರಾಜ್ಯಗಳಲ್ಲಿಯೇ ಮಾಡಿಸಿ, ಜೋಡಿಗೆ ಸುಮಾರು 800 ಯುರೋ, ಅಂದರೆ 80,000 ರೂಪಾಯಿಗೂ ಮಿಗಿಲಾದ ಬೆಲೆಗೆ, ಮಾರುವುದಾಗಿ ಸಾರಿತು. ಅಂದಿನಿಂದ ಅಥಣಿ, ನಿಪ್ಪಾಣಿಗಳ ಕಡೆಗೆ ಹೊರಗಿನವರ ದೃಷ್ಟಿ ಹೊಸದಾಗಿ ಹೊರಳಿದೆ. ವಿನ್ಯಾಸದ ಶಾಲೆಗಳಲ್ಲಿ ಕಲಿತು ಬಂದವರು, ಪೇಟೆಯ ನೌಕರಿ ಬಿಟ್ಟು ಸ್ವಂತ ಉದ್ಯಮ ಹೂಡಬೇಕೆಂದಿರುವವರು, ಪರಿಸರಕ್ಕೆ ಕೇಡಿಲ್ಲದೆ, ಸಮಾಜವು ಬದಿಗೆ ತಳ್ಳಿದವರಿಗೆ ಮಾನದ ದುಡಿಮೆಯನ್ನು ಕಲ್ಪಿಸಿಕೊಟ್ಟು, ಅದರಲ್ಲಿಯೇ ಲಾಭವನ್ನೂ ಮಾಡಿ ತೋರಿಸಬೇಕೆಂಬ ಸಂಕಲ್ಪವುಳ್ಳವರು, ಇಂತಹ ನಿಮ್ಮನ್ನು ಕುರಿತೇ ಈ ಪತ್ರ. ಇಟಲಿಯವರಿಗೆ ಬರೆಯಬೇಕಾದುದನ್ನು ಬರೆದವರು ಬೇಕಾದಷ್ಟು ಮಂದಿ ಆಗಿಹೋದರು. ಅವರು ದೂರದವರು, ಅವರ ತಪ್ಪು ಎಲ್ಲರಿಗೂ ಕಂಡಿತು. ಹತ್ತಿರದವರಾದ ನಮ್ಮ ನಿಮ್ಮ ತಪ್ಪುಗಳು ಅಷ್ಟು ಸುಲಭವಾಗಿ ಕಾಣತಕ್ಕವಲ್ಲ.

ನಾನು ಈ ಸೀಮೆಯಲ್ಲಿ ಹುಟ್ಟಿ ಬೆಳೆದು ಮಾಸ್ತರಿಕೆ ಮಾಡಿದವನು; ಚಪ್ಪಲಿಯನ್ನು ಮೆಟ್ಟಿದವನೇ ಹೊರತು ಹೊಲಿದವನಲ್ಲ. ಹೊಲಿಯುವವರ ಪರವಾಗಿ ಮಾತನಾಡುವ ಅಧಿಕಾರ ನನಗಿಲ್ಲ, ಅವರಿಗೆ ತಮ್ಮ ಬಾಯಿ ಉಂಟು. ನಾನು ಮಾತನಾಡುವುದು ಮೆಟ್ಟಿದವರ ಕಡೆಯಿಂದ, ಎಂದರೆ ಈ ಕಸುಬಿನ ಸುಖವನ್ನೆಲ್ಲ ತಲೆತಲಾಂತರದಿಂದ ಪಡೆದು, ಅದರ ಕಳಂಕವನ್ನು ಮಾತ್ರ ಇನ್ನೊಬ್ಬರ ಕುಲಕ್ಕೆ ಕಟ್ಟಿದವರ ಕಡೆಯಿಂದ. ನೀವೂ ಬಹುಮಟ್ಟಿಗೆ ಆ ಕಡೆಯವರೇ ಆಗಿರುವಿರೆಂದು ಊಹಿಸಿ ಸಲಿಗೆಯಿಂದ ಬರೆಯುತ್ತಿದ್ದೇನೆ.

ಕೊಲ್ಹಾಪುರಿಯೆಂದು ಲೋಕ ಕರೆಯುವ ಈ ಚಪ್ಪಲಿಯನ್ನು ಕಂಡವನ ಕಣ್ಣು ಮೊದಲು ಹೋಗುವುದು ಅದರ ಮೇಲ್ಭಾಗಕ್ಕೆ. ಸಣ್ಣ ಎಳೆಗಳಾಗಿ ಸೀಳಿದ ತೊಗಲನ್ನು ಜಡೆಯಾಗಿ ಹೆಣೆದ ಪಟ್ಟಿ, ಹೆಬ್ಬೆರಳನ್ನು ಹಿಡಿದುಕೊಳ್ಳುವ ಉಂಗುಟ, ಅಟ್ಟೆಯ ಎರಡು ಪಕ್ಕಗಳಲ್ಲಿಯೂ ಹೊರಚಾಚಿದ ಕಿವಿಗಳು, ಅಂಚಿನುದ್ದಕ್ಕೂ ತೊಗಲಿನ ದಾರದಿಂದಲೇ ಹಾಕಿದ ಹೊಲಿಗೆ; ಹಳೆಯ ಪದ್ಧತಿಯ ಜೋಡಿನಲ್ಲಿ ಒಂದು ಮೊಳೆಯೂ ಇರುವುದಿಲ್ಲ. ಅಟ್ಟೆಯನ್ನು ಕತ್ತರಿಸಿ ಬಡಿದು ಹದಗೊಳಿಸುವುದು ಸಾಮಾನ್ಯವಾಗಿ ಗಂಡಸರ ಪಾಲಿನ ಕೆಲಸ. ಹೆಣೆಯುವುದು, ಮೇಲ್ಭಾಗದ ನಯವಾದ ಹೊಲಿಗೆ ಹಾಕುವುದು ಹೆಂಗಸರದು. ಜಗಲಿಯ ಮೇಲೆ ಕುಳಿತು, ಕಾಲಿನ ಬೆರಳಿಗೆ ಎಳೆಯನ್ನು ಸಿಕ್ಕಿಸಿಕೊಂಡು, ಕಣ್ಣೆತ್ತಿ ನೋಡದೆ ಮಾತನಾಡುತ್ತಲೇ ಹೆಣೆಯುವ ಹೆಂಗಸಿನ ಕೈಚಳಕ ಎಂಥವರನ್ನೂ ನಿಲ್ಲಿಸಿ ನೋಡಿಸತಕ್ಕದ್ದು. ನೀವು ಬಂದ ಮೊದಲನೆಯ ದಿವಸವೇ ಅದರ ಚಿತ್ರವನ್ನು ತೆಗೆದುಕೊಂಡು ಹೋಗುವಿರಿ. ತಪ್ಪಲ್ಲ. ಆದರೆ ಆ ಎಳೆ ಎಲ್ಲಿಂದ ಬಂತೆಂಬುದನ್ನು ಎರಡನೆಯ ದಿವಸವಾದರೂ ವಿಚಾರಿಸಬೇಕು.

ಸತ್ತ ಎಮ್ಮೆಯದೋ ಎತ್ತಿನದೋ ತೊಗಲನ್ನು ತಂದು, ನೀರಿನಲ್ಲಿ ನೆನೆಹಾಕಿ, ಸುಣ್ಣದ ಗುಣಿಯಲ್ಲಿ ದಿನಗಟ್ಟಲೆ ಇಟ್ಟು ಕೂದಲನ್ನು ಸಡಿಲಿಸಿ ಹೆರೆದು, ಒಳಮೈಗೆ ಅಂಟಿದ ಮಾಂಸವನ್ನು ಕೆತ್ತಿ, ಸುಣ್ಣದ ಅಂಶ ಉಳಿಯದಂತೆ ಮತ್ತೆ ಮತ್ತೆ ತೊಳೆದು, ಜಾಲಿಯ ಚಕ್ಕೆ ಅಳಲೆಕಾಯಿಗಳ ರಸದಲ್ಲಿ ಅದ್ದಿಟ್ಟು, ಕೊನೆಗೆ ಆ ತೊಗಲನ್ನೇ ಚೀಲದಂತೆ ಹೊಲಿದು, ಅದರೊಳಗೆ ಚಕ್ಕೆಯ ರಸವನ್ನು ತುಂಬಿ ಕಂಬಕ್ಕೆ ತೂಗುಹಾಕಿ, ಆ ರಸ ತೊಗಲಿನ ಕಣಕಣಕ್ಕೂ ಇಳಿದು ಹೊರಮೈಯಲ್ಲಿ ಒಸರುವ ತನಕ ಕಾದು ನೋಡುವ ಕೆಲಸವು ವಾರಗಳ ಕೆಲಸ. ಹೀಗೆ ಹದವಾದ ತೊಗಲು ಬೆವರನ್ನು ಹೀರುತ್ತದೆ, ಮೆಟ್ಟಿದವನ ಪಾದದ ಅಚ್ಚಿಗೆ ತಾನಾಗಿ ಬಗ್ಗುತ್ತದೆ, ವರ್ಷಗಳು ಉರುಳಿದಂತೆ ಬಣ್ಣ ಗಾಢವಾಗುತ್ತದೆ, ಸವೆದು ಮುಗಿದ ಮೇಲೆ ಮಣ್ಣಿಗೆ ಹಾನಿಯಿಲ್ಲದೆ ಮಣ್ಣಾಗುತ್ತದೆ. ನಿಮ್ಮ ಜಾಹೀರಾತಿನಲ್ಲಿ ‘ಪರಿಸರಸ್ನೇಹಿ’ ಎಂಬ ಮಾತನ್ನು ಅಚ್ಚುಹಾಕಿಸುವಿರಾದರೆ ಆ ಮಾತಿಗೆ ಇರುವ ಆಧಾರ ಹೆಣಿಗೆಯಲ್ಲಿಲ್ಲ, ಈ ಗುಣಿಯಲ್ಲಿದೆ. ಗುಣಿಗೆ ವಾಸನೆಯೂ ಉಂಟು. ಕ್ಯಾಮೆರಾಕ್ಕೆ ವಾಸನೆ ತಿಳಿಯದು, ಊರಿಗೆ ತಿಳಿಯುತ್ತದೆ. ಆ ವಾಸನೆಯನ್ನು ನೆಪ ಮಾಡಿಕೊಂಡೇ ಊರು ಹದಗಾರನ ಕೇರಿಯನ್ನು ತನ್ನ ಸೀಮೆಯಾಚೆಗೆ ಇಟ್ಟಿತು, ಅವನು ಹದ ಮಾಡಿದ ತೊಗಲಿನ ಜೋಡನ್ನು ಮೆಟ್ಟಿಕೊಂಡೇ ಅವನ ನೆರಳಿಗೆ ಹೇಸಿಕೊಂಡಿತು.

ಆದುದರಿಂದ ನನ್ನ ಬಿನ್ನಹ ಒಂದೇ: ನಿಮ್ಮ ಉದ್ಯಮವನ್ನು ಜಡೆಪಟ್ಟಿಯಿಂದ ಆರಂಭಿಸಬೇಡಿರಿ, ಹದದ ಗುಣಿಯಿಂದ ಆರಂಭಿಸಿರಿ. ಎಲ್ಲರನ್ನೂ ಒಳಗೊಳ್ಳುವ ಉದ್ಯಮವೆಂದು ಹೇಳಿಕೊಂಡ ಮೇಲೆ, ನೋಡಲು ಚೆಲುವಾದ ಕೆಲಸ ಮಾಡುವವರನ್ನು ಒಳಗೆ ಕರೆದು, ನೋಡಲು ಹೇಸುವ ಕೆಲಸ ಮಾಡುವವರನ್ನು ದಲಾಲಿಯ ಬೆನ್ನ ಹಿಂದೆ ಬಿಟ್ಟರೆ, ನೀವು ಊರು ಮಾಡಿದ್ದನ್ನೇ ಹೊಸ ಲೆಕ್ಕದ ಪುಸ್ತಕದಲ್ಲಿ ಮಾಡಿದಂತಾಗುತ್ತದೆ.

ಕನ್ನಡದವರಿಗೆ ಈ ವಿಷಯದಲ್ಲಿ ಅಜ್ಞಾನದ ನೆಪ ಸಲ್ಲದು. ಹದ ಮಾಡುವ ಡೋಹರ ಕಕ್ಕಯ್ಯನನ್ನೂ, ಹೊಲಿಯುವ ಸಮಗಾರ ಹರಳಯ್ಯನನ್ನೂ ಹನ್ನೆರಡನೆಯ ಶತಮಾನದ ಕಲ್ಯಾಣವು ಹೆಸರು ಹಿಡಿದು ಶರಣರೆಂದು ಕರೆಯಿತು. ತಾನು ಮಾಡಿದ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದನೆಂಬ ಋಣಭಾರವನ್ನು ತಾಳಲಾರದೆ ಹರಳಯ್ಯನೂ ಅವನ ಹೆಂಡತಿ ಕಲ್ಯಾಣಮ್ಮನೂ ತಮ್ಮ ತೊಡೆಯ ತೊಗಲನ್ನೇ ತೆಗೆದು ಚಪ್ಪಲಿ ಮಾಡಿ ಒಪ್ಪಿಸಿದರೆಂಬ, ಅದನ್ನು ಮೆಟ್ಟುವ ಯೋಗ್ಯತೆ ತನಗಿಲ್ಲವೆಂದು ಬಸವಣ್ಣ ಅದನ್ನು ತಲೆಯ ಮೇಲೆ ಹೊತ್ತನೆಂಬ ಕಥೆಯನ್ನು ನಮ್ಮ ಪುರಾಣ ಪ್ರವಚನಗಳಲ್ಲಿ ಕೇಳಿ ಕಣ್ಣೀರು ಹಾಕದವರಾರು? ಕಥೆಯ ಉತ್ತರಾರ್ಧವನ್ನು ಮಾತ್ರ ನಾವು ಅಷ್ಟು ಭಕ್ತಿಯಿಂದ ಕೇಳುವುದಿಲ್ಲ. ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣನಾಗಿದ್ದ ಮಧುವರಸನ ಮಗಳನ್ನು ಕೊಟ್ಟು ಮದುವೆ ಮಾಡಿದಾಗ ಬಿಜ್ಜಳನ ರಾಜ್ಯ ಅದನ್ನು ಸಹಿಸಲಿಲ್ಲ. ಬೀಗರಿಬ್ಬರಿಗೂ ದೊರೆತದ್ದು ಘೋರವಾದ ಮರಣ. ಕಲ್ಯಾಣವೇ ಹೊತ್ತಿ ಉರಿಯಿತು. ಚಪ್ಪಲಿಯನ್ನು ತಲೆಯ ಮೇಲೆ ಹೊತ್ತದ್ದನ್ನು ಲೋಕ ಸಹಿಸಿತು, ಹೊಲಿದವನ ಮಗನನ್ನು ಅಳಿಯನನ್ನಾಗಿ ಮಾಡಿಕೊಂಡದ್ದನ್ನು ಸಹಿಸಲಿಲ್ಲ. ಇಂದಿನ ನಮ್ಮ ಪ್ರದರ್ಶನಗಳೂ ಪ್ರಶಸ್ತಿಗಳೂ ಕುಶಲಕಲೆಯ ಮೇಲಿನ ನಮ್ಮ ಅಭಿಮಾನವೂ ಬಹುಪಾಲು ಕಥೆಯ ಪೂರ್ವಾರ್ಧದಲ್ಲಿಯೇ ನಿಂತಿವೆಯೆಂದು ನನಗೆ ಆಗಾಗ ತೋರುವುದುಂಟು.

ಇನ್ನೊಂದು ಪ್ರಸಂಗವನ್ನೂ ನೆನಪಿಗೆ ತರುತ್ತೇನೆ. ಇದು ಪುರಾಣವಲ್ಲ, ಇದೇ ಜಿಲ್ಲೆಯ ಇತಿಹಾಸ. 1924ರ ಡಿಸೆಂಬರಿನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಗಾಂಧೀಜಿಯವರು ಅಧ್ಯಕ್ಷರಾಗಿ ಬಂದರು. ನಾಲ್ಕು ತಿಂಗಳು ಕಳೆಯುವುದರೊಳಗೆ, 1925ರ ಏಪ್ರಿಲಿನಲ್ಲಿ, ನಿಪ್ಪಾಣಿಯಲ್ಲಿ ಕೂಡಿದ ಬಹಿಷ್ಕೃತ ವರ್ಗಗಳ ಸಮ್ಮೇಳನಕ್ಕೆ ಡಾ. ಅಂಬೇಡ್ಕರರು ಬಂದರು. ಗಾಂಧೀಜಿಯವರಿಗೆ ಚಪ್ಪಲಿ ಹೊಲಿಯುವುದು ತಿಳಿದಿತ್ತು. ದಕ್ಷಿಣ ಆಫ್ರಿಕದಲ್ಲಿ ತಮ್ಮ ಮಿತ್ರ ಕಾಲೆನ್‌ಬಾಕ್‌ರಿಂದ ಆ ವಿದ್ಯೆಯನ್ನು ಕಲಿತು, ತಾವೇ ಮಾಡಿದ ಜೋಡೊಂದನ್ನು ತಮ್ಮನ್ನು ಸೆರೆಗೆ ಹಾಕಿಸಿದ ಜನರಲ್ ಸ್ಮಟ್ಸರಿಗೆ ಕಾಣಿಕೆಯಾಗಿ ಕೊಟ್ಟವರು ಅವರು. ಮುಂದೆ ವರ್ಧಾದ ಬಳಿಯ ನಾಲವಾಡಿಯಲ್ಲಿ ಅವರ ಪ್ರೇರಣೆಯಿಂದ ಚರ್ಮ ಹದ ಮಾಡುವ ಕೇಂದ್ರವೊಂದು ನಡೆಯಿತು. ಸತ್ತ ದನದ ಯಾವ ಅಂಗವೂ ವ್ಯರ್ಥವಾಗಬಾರದು, ಹದಗಾರನ ವಿದ್ಯೆ ವಿದ್ಯೆಯೆಂದೇ ಮನ್ನಣೆ ಪಡೆಯಬೇಕು, ಮೇಲುಕುಲದವರೂ ಅದನ್ನು ಕಲಿಯಬೇಕು ಎಂಬುದು ಅವರ ಆಶಯ. ಅಂಬೇಡ್ಕರರು ನೋಡಿದ್ದು ಬೇರೆ. ಸತ್ತ ದನವನ್ನು ಹೊರುವುದನ್ನು ಬಿಟ್ಟುಬಿಡಿರೆಂದು ಅವರು ತಮ್ಮ ಜನಕ್ಕೆ ಹೇಳಿದರು. ಜಾತಿಪದ್ಧತಿಯು ಕೆಲಸವನ್ನು ಹಂಚಿಕೊಡುವ ವ್ಯವಸ್ಥೆಯೆಂಬ ವಾದವನ್ನು 1936ರಲ್ಲಿ ಪ್ರಕಟವಾದ ‘ಜಾತಿವಿನಾಶ’ದಲ್ಲಿ ತಳ್ಳಿಹಾಕಿ, ಅದು ಕೆಲಸಗಾರರನ್ನೇ ಒಬ್ಬರ ಕೆಳಗೊಬ್ಬರನ್ನಾಗಿ ಕಟ್ಟಿಡುವ ವ್ಯವಸ್ಥೆಯೆಂದು ತೋರಿಸಿದರು.

ಕೈಕಸುಬಿನ ಉದ್ಯಮವನ್ನು ಕಟ್ಟಹೊರಟವರೆಲ್ಲರೂ ತಿಳಿದೋ ತಿಳಿಯದೆಯೋ ಮೊದಲನೆಯವರ ಶಿಷ್ಯರು. ಎರಡನೆಯವರ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಸಾಗಿಬಿಡುವವರು. ಪರಂಪರೆಯ ವಿದ್ಯೆ ನಶಿಸುತ್ತಿದೆಯೆಂದು ನೀವು ಮರುಗುವಿರಿ. ಆ ವಿದ್ಯೆಯನ್ನು ಬಿಟ್ಟು ಮಗನನ್ನು ಇಂಜಿನಿಯರಿಂಗ್ ಓದಿಸಿದ ಸಮಗಾರನಿಗೆ ಅದರಲ್ಲಿ ಮರುಗತಕ್ಕದ್ದೇನೂ ಕಾಣದಿರಬಹುದು, ಮತ್ತು ಅವನು ಕಂಡದ್ದೇ ನಿಜವಿರಬಹುದು. ಹಾಗಾದರೆ ಕಸುಬು ಉಳಿಯಬಾರದೆ? ಉಳಿಯಲಿ, ಆದರೆ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಉಳಿಯಲಿ. ನೀವು ಹದಗಾರನಿಗೆ ಕೊಡಹೊರಟ ಕೂಲಿಗೆ, ನೀವು ಒದಗಿಸಹೊರಟ ಸ್ಥಳದಲ್ಲಿ, ಬೇರೆ ಕುಲದಲ್ಲಿ ಹುಟ್ಟಿದ, ಬೇರೆ ದಾರಿಗಳೂ ತೆರೆದಿರುವ ಹುಡುಗನೊಬ್ಬ ಈ ಕೆಲಸವನ್ನು ಕಲಿಯಲು ಒಪ್ಪಿ ಬರುವನೆ? ಬರುವನಾದರೆ ನಿಮ್ಮ ಕೂಲಿ ನ್ಯಾಯವಾದ ಕೂಲಿ. ಬಾರನಾದರೆ, ನೀವು ಕೊಡುತ್ತಿರುವುದು ಹುಟ್ಟಿನಿಂದ ಬೇರೆ ದಾರಿ ಕಾಣದವನಿಗೆ ಮಾತ್ರ ಸಾಕಾಗುವ ಕೂಲಿ. ಅದಕ್ಕೆ ಎಷ್ಟು ಚೆಂದದ ಹೆಸರಿಟ್ಟರೂ ಅದು ಜಾತಿ ಕಟ್ಟಿಕೊಟ್ಟ ಅಗ್ಗದ ದುಡಿಮೆಯ ಮೇಲೆ ನಿಂತ ವ್ಯಾಪಾರ.

ಹೆಸರಿನ ವಿಷಯವನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಪತ್ರಿಕೆಗಳಲ್ಲಿ ಎಲ್ಲರೂ ಮಾತನಾಡುವುದು ಅದನ್ನೇ. ಕೊಲ್ಹಾಪುರದ ಶಾಹು ಮಹಾರಾಜರು, ಸಂಸ್ಥಾನದ ನೌಕರಿಗಳಲ್ಲಿ ಅರ್ಧಪಾಲನ್ನು 1902ರಲ್ಲಿ ಹಿಂದುಳಿದವರಿಗೆ ಮೀಸಲಿಟ್ಟ ಪುಣ್ಯಾತ್ಮರು, ಈ ಕಸುಬಿಗೂ ಆಶ್ರಯ ಕೊಟ್ಟರು. ಪೇಟೆ ಅಲ್ಲಿತ್ತು, ಹೆಸರೂ ಅಲ್ಲಿಯದಾಯಿತು. ಅಥಣಿಯಲ್ಲಿ ಹೊಲಿದ ಜೋಡು ಕೊಲ್ಹಾಪುರದ ಅಂಗಡಿಯಲ್ಲಿ ಮಾರಾಟವಾಗುವುದು ಹಿಂದಿನಿಂದಲೂ ನಡೆದುಬಂದದ್ದು. 2019ರಲ್ಲಿ ಭೌಗೋಳಿಕ ಸೂಚ್ಯಂಕದ ಮನ್ನಣೆ ದೊರೆತಾಗ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳನ್ನೂ ಸೇರಿಸಿ ಎಂಟು ಜಿಲ್ಲೆಗಳ ಹಕ್ಕೆಂದು ಅದನ್ನು ಬರೆದರು. ನಮ್ಮ ಕಡೆಯಿಂದ ಆ ಹಕ್ಕಿನ ಒಡೆತನ 1976ರಲ್ಲಿ ಸ್ಥಾಪಿತವಾದ ಲಿಡ್ಕರ್ ಎಂಬ ಸರಕಾರಿ ಚರ್ಮೋದ್ಯಮ ನಿಗಮದ್ದು. ಭಾಷೆಯ ಜಗಳವನ್ನು ಬಿಡದ ಈ ಗಡಿಸೀಮೆಯಲ್ಲಿ ಎರಡು ಸರಕಾರಗಳು ಒಂದು ಜೋಡು ಚಪ್ಪಲಿಯನ್ನು ಹಂಚಿಕೊಂಡದ್ದೇ ಒಂದು ಸೋಜಿಗವೆಂದು ನಾನು ನಗುವುದುಂಟು. ಮನ್ನಣೆಯ ಪತ್ರವೇನೋ ಬಂದಿದೆ, ಆದರೆ ರೆಕ್ಸಿನ್ ಅಟ್ಟೆಗೆ ಯಂತ್ರದ ಹೊಲಿಗೆ ಹಾಕಿ ಅದೇ ಹೆಸರಿನಲ್ಲಿ ಮಾರುವವನನ್ನು ಪತ್ರವೊಂದೇ ತಡೆಯಲಾರದು. ಅಧಿಕೃತ ಬಳಕೆದಾರರೆಂದು ಕುಶಲಕರ್ಮಿಗಳ ಹೆಸರನ್ನು ನೋಂದಾಯಿಸಿಕೊಡುವ ಬೇಸರದ ಕಚೇರಿ ಕೆಲಸವನ್ನು ನೀವು ಮಾಡಿಕೊಟ್ಟರೆ ಅದು ಹತ್ತು ಹೊಸ ವಿನ್ಯಾಸಗಳಿಗಿಂತ ಹೆಚ್ಚಿನ ಉಪಕಾರ.

ಈಗ ಋಣದ ಮಾತು. ಈ ಕಸುಬಿನಲ್ಲಿ ಬಡತನವನ್ನು ಮರುಹುಟ್ಟಿಸುತ್ತ ಬಂದಿರುವುದು ಕೌಶಲದ ಕೊರತೆಯಲ್ಲ, ಉದ್ರಿಯ ಲೆಕ್ಕ. ತೊಗಲನ್ನು ಉದ್ರಿಯಾಗಿ ಕೊಡುವ ಸಾವುಕಾರನೇ ಚಪ್ಪಲಿಯನ್ನು ಕೊಳ್ಳುವವನೂ ಆಗಿದ್ದರೆ, ಎರಡು ಕಡೆಯ ಬೆಲೆಯನ್ನೂ ಅವನೇ ಗೊತ್ತುಮಾಡುತ್ತಾನೆ. ಮಳೆಗಾಲ ಬಂದಿತೆಂದರೆ ತೊಗಲು ಒಣಗದು, ಚಪ್ಪಲಿಗೆ ಗಿರಾಕಿಯೂ ಇಲ್ಲ. ಆ ತಿಂಗಳುಗಳ ಊಟಕ್ಕೆಂದು ತಂದ ಮುಂಗಡ ದೀಪಾವಳಿಯ ದುಡಿಮೆಯನ್ನು ಮೊದಲೇ ಕೊಂಡುಬಿಟ್ಟಿರುತ್ತದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಅಸೆಂಟ್ ಎಂಬ ಸಂಸ್ಥೆಯವರು ಅಥಣಿಗೆ ಬಂದು, ಹೆಂಗಸರ ಸ್ವಸಹಾಯ ಸಂಘಗಳನ್ನು ಕಟ್ಟಿ, ತೊಗಲಿನ ಮೇಲಿನ ಸಾಲವನ್ನು ಹೆಂಗಸರ ಹೆಸರಿಗೆ ಕೊಡಿಸಿ, ಟೋಹೋಲ್ಡ್ ಎಂಬ ಹೆಸರಿನಲ್ಲಿ ಮಾರಾಟದ ಕೂಟವೊಂದನ್ನು ಮಾಡಿದಾಗ ಅವರು ಕೈಹಾಕಿದ್ದು ಈ ಗಂಟಿಗೇ. ಅದುವರೆಗೆ ಗಂಡನ ಕೆಲಸದಲ್ಲಿಯೇ ಸೇರಿಹೋಗಿ ಯಾವ ಲೆಕ್ಕಕ್ಕೂ ಬಾರದಿದ್ದ ಹೆಣಿಗೆಗೆ ಪ್ರತ್ಯೇಕವಾದ ಕೂಲಿಯುಂಟೆಂಬುದು ಅದರಿಂದ ಗೋಚರಕ್ಕೆ ಬಂತು. ಹೊರದೇಶದ ಗಿರಾಕಿಗೆ ಬೇಕಾದ ಅಳತೆಯ ಖಚಿತತೆ, ಒಂದು ಜೋಡಿನಂತೆಯೇ ಸಾವಿರ ಜೋಡೂ ಇರಬೇಕೆಂಬ ಶಿಸ್ತು, ಸರಕಿನ ಪಟ್ಟಿ, ಬ್ಯಾಂಕಿನ ವ್ಯವಹಾರ, ಇವನ್ನೆಲ್ಲ ಕಲಿಸಿದರು. ಚಪ್ಪಲಿ ಕಡಲಾಚೆಗೂ ಹೋಯಿತು.

ನೀವು ಅವರ ದಾರಿಯನ್ನು ಅಭ್ಯಾಸ ಮಾಡಿರಿ ಎಂದು ಹೇಳುವಾಗ ಅದರ ಕಷ್ಟಗಳನ್ನೂ ಅಭ್ಯಾಸ ಮಾಡಿರಿ ಎಂದೇ ನನ್ನ ಅರ್ಥ. ಹೊರದೇಶದ ಬೇಡಿಕೆ ಋತುವಿಗೊಂದು ಬಣ್ಣ ಕೇಳುವಂಥದು; ಬಂದಾಗ ಹಗಲಿರುಳೆನ್ನದೆ ದುಡಿಸುತ್ತದೆ, ನಿಂತಾಗ ಒಂದು ಕಾಗದವನ್ನೂ ಬರೆಯದೆ ನಿಂತುಹೋಗುತ್ತದೆ. ಹಾಗೆ ನಿಂತಾಗ ಹೊರಗಿನವರಿಗೆ ಇನ್ನೊಂದು ಕೆಲಸ ಸಿಕ್ಕುತ್ತದೆ, ಕೇರಿಯವರು ಮತ್ತೆ ಸಾವುಕಾರನ ಬಾಗಿಲಿಗೆ ಹೋಗುತ್ತಾರೆ. ಸರಕಾರದ ಸಾಲ ಸುಲಭವಾಗಿರಬಹುದು; 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆಯದೂ ಒಂದಾಗಿದ್ದು, ಜಾಮೀನಿಲ್ಲದೆ ಮೊದಲು ಒಂದು ಲಕ್ಷ, ತೀರಿಸಿದ ಮೇಲೆ ಎರಡು ಲಕ್ಷ ರೂಪಾಯಿ ಸಾಲಕ್ಕೆ ಅದರಲ್ಲಿ ಅವಕಾಶವುಂಟು. ಆದರೆ ಮಾರಾಟವಿಲ್ಲದ ಸಾಲ ಎಷ್ಟು ಅಗ್ಗವಾದರೂ ಸಾಲವೇ.

ಇನ್ನು ತೊಗಲು. ಅಂಗಳದ ಗುಣಿಗಳು ಬಹಳ ಕಡೆ ಬತ್ತಿವೆ. ಹದವಾದ ತೊಗಲು ಚೆನ್ನೈ ಮೊದಲಾದ ದೂರದ ಪೇಟೆಗಳಿಂದ ಬರುವುದೇ ರೂಢಿಯಾಗಿದೆ. ಕಾರಣ ಒಂದಲ್ಲ. ವಿದ್ಯಾವಂತರಾದ ಮಕ್ಕಳು ಆ ಕೆಲಸವನ್ನು ಬಿಟ್ಟದ್ದು ಒಂದು. ಮಹಾರಾಷ್ಟ್ರದ 2015ರ ಮತ್ತು ಕರ್ನಾಟಕದ 2020ರ ಗೋಹತ್ಯಾನಿಷೇಧದ ಕಾನೂನುಗಳು ಬಂದ ಮೇಲೆ, ಕಾನೂನು ನಿಷೇಧಿಸದ ತೊಗಲನ್ನು ಸಾಗಿಸುವುದಕ್ಕೂ ಗಾಡಿಯವರು ಹೆದರತೊಡಗಿದ್ದು ಇನ್ನೊಂದು. ಆ ಕಾನೂನುಗಳ ಧರ್ಮಾಧರ್ಮವನ್ನು ನಾನಿಲ್ಲಿ ಚರ್ಚಿಸುವುದಿಲ್ಲ, ಅವುಗಳ ಭಾರ ಯಾರ ಬೆನ್ನ ಮೇಲೆ ಬಿದ್ದಿತೆಂಬುದನ್ನು ಮಾತ್ರ ಗುರುತಿಸುತ್ತೇನೆ. ಮೂರನೆಯದು ಕ್ರೋಮಿಯಂ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮದರಾಸಿನಲ್ಲಿ ಕ್ರೋಮಿಯಂ ಲವಣದಿಂದ ತೊಗಲು ಹದ ಮಾಡುವುದನ್ನು ನಮ್ಮ ದೇಶದಲ್ಲಿ ಬಳಕೆಗೆ ತಂದವರು ಆಲ್‌ಫ್ರೆಡ್ ಚಾಟರ್ಟನ್. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾಗಿದ್ದವರೂ ಅವರೇ. ಚಕ್ಕೆಯ ರಸಕ್ಕೆ ವಾರಗಳು ಬೇಕಾದ ಕೆಲಸವನ್ನು ಕ್ರೋಮಿಯಂ ಕೆಲವೇ ದಿವಸಗಳಲ್ಲಿ ಮುಗಿಸುತ್ತದೆ. ಇಂದು ಪ್ರಪಂಚದ ಬಹುಪಾಲು ತೊಗಲು ಹಾಗೆಯೇ ಹದವಾಗುತ್ತದೆ, ಅದರ ಕೊಳೆನೀರು ಹರಿದ ಕಡೆ ನೆಲ ಬಾವಿಗಳು ಕೆಟ್ಟ ಕಥೆಯೂ ಪ್ರಸಿದ್ಧವಾದದ್ದೇ. ಹಾಗೆಂದು ಚಕ್ಕೆಯ ಹದವನ್ನು ದೋಷರಹಿತವೆಂದು ನೀವು ಸಾರಬಾರದು. ಸುಣ್ಣದ ನೀರು, ಕೂದಲು, ಮಾಂಸದ ತುಣುಕು, ಕಪ್ಪಾದ ಕಷಾಯ ಹಳ್ಳಕ್ಕೆ ಹರಿದರೆ ಹಳ್ಳ ಕೆಡುತ್ತದೆ. ಒಂದೊಂದು ಮನೆಯವರು ಅದನ್ನು ಶುದ್ಧಿ ಮಾಡಲಾರರು. ಹತ್ತಿಪ್ಪತ್ತು ಮನೆಗಳಿಗೆ ಕೂಡಿಯೇ ಒಂದು ಹದಮನೆ, ಎತ್ತರವಾದ ತೊಟ್ಟಿಗಳು, ಕೈಗವಸು, ಕೊಳೆನೀರನ್ನು ತಿಳಿಗೊಳಿಸುವ ಕೊಳ, ಇವಿದ್ದರೆ ಕೆಲಸದ ಹೇಸಿಗೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನಿಮ್ಮ ಬಂಡವಾಳ ಮೊದಲು ಹೋಗಬೇಕಾದದ್ದು ಅಲ್ಲಿಗೆ. ಬೆಂಗಳೂರಿನ ಅಂಗಡಿಯ ಗಾಜಿನ ಬಾಗಿಲು ಒಂದು ವರ್ಷ ಕಾದರೆ ಕೆಡುವುದಿಲ್ಲ.

ಬೆಲೆಯನ್ನು ಕುರಿತು ಎರಡು ಮಾತು. ಜೋಡೊಂದನ್ನು ಸಾವಿರಾರು ರೂಪಾಯಿಗೆ ಮಾರುವವರು ಹೊಲಿದವರ ಕೈಗೆ ಕೆಲವು ನೂರು ರೂಪಾಯಿ ಕೊಟ್ಟು, ಅದು ಪೇಟೆಯ ದರಕ್ಕಿಂತ ಹೆಚ್ಚೆಂದು ತೃಪ್ತರಾಗುವುದನ್ನು ನಾನು ಕಂಡಿದ್ದೇನೆ. ಪೇಟೆಯ ದರವೆಂಬುದೇ ಉದ್ರಿಯಲ್ಲಿ ಹುಟ್ಟಿದ ದರವಾಗಿರುವಾಗ ಅದಕ್ಕಿಂತ ಹೆಚ್ಚೆಂಬುದು ಎಂತಹ ಪ್ರಶಂಸೆ? ಹೊಸ ವಿನ್ಯಾಸಕ್ಕೆಂದು ಮಾದರಿಯ ಮೇಲೆ ಮಾದರಿಯನ್ನು ಮಾಡಿಸಿ, ಬೇಡಿಕೆ ಬಾರದಿದ್ದರೆ ಒಂದು ಮಾದರಿಗೂ ಕೂಲಿ ಕೊಡದೆ ಹೋಗುವುದು ನಿಮ್ಮವರಲ್ಲಿ ತಪ್ಪೆಂದೇ ಎಣಿಸಲ್ಪಡುವುದಿಲ್ಲ. ಅದು ಇಡೀ ದಿನದ ದುಡಿಮೆ, ಅಷ್ಟೇ ಅಲ್ಲ, ಕೆಟ್ಟ ತೊಗಲಿನ ನಷ್ಟವೂ ಅವರದೇ. ಅಳತೆಯಲ್ಲಿ ಎಳ್ಳಷ್ಟು ಹೆಚ್ಚುಕಡಿಮೆಯಾದ ಜೋಡುಗಳನ್ನು ತಿರಸ್ಕರಿಸುವ ಹಕ್ಕು ನಿಮಗಿರಲಿ, ಆದರೆ ಅಳತೆಯ ಅಚ್ಚನ್ನು ಸರಿಯಾಗಿ ಕೊಡುವ ಹೊಣೆಯೂ ನಿಮ್ಮದಾಗಿರಲಿ. ಕಿರು ಉದ್ಯಮಗಳಿಗೆ 45 ದಿನಗಳೊಳಗೆ ಹಣ ಸಂದಾಯವಾಗಬೇಕೆಂದು 2006ರ ಕಾನೂನು ಹೇಳುತ್ತದೆ. ನಿಮ್ಮಲ್ಲಿ ಕೆಲವರು ಅದನ್ನು ಗರಿಷ್ಠ ಮಿತಿಯೆಂದು ತಿಳಿಯದೆ ನ್ಯಾಯವಾದ ವಾಯಿದೆಯೆಂದೇ ತಿಳಿದಿರುವಂತಿದೆ. ಸಂತೆಗೆ ಸಂತೆ ರೊಕ್ಕ ನೋಡಿ ಅಕ್ಕಿ ಜೋಳ ತರುವ ಮನೆಗೆ 45 ದಿನಗಳೆಂದರೆ ಮತ್ತೊಂದು ಮುಂಗಡ. ಸರಕಿನ ಜೊತೆಗೇ ಹಣ ಎಂಬುದೇ ಇಲ್ಲಿ ಸಲ್ಲತಕ್ಕ ಕ್ರಮ. ತೆರಿಗೆಯ ನೆಪವೂ ಈಗ ಉಳಿದಿಲ್ಲ. 2022ರ ಜನವರಿಯಲ್ಲಿ ಅಗ್ಗದ ಜೋಡುಗಳ ಮೇಲೆ ಶೇಕಡಾ 5ರಿಂದ 12ಕ್ಕೆ ಏರಿದ್ದ ತೆರಿಗೆಯನ್ನು 2025ರ ಸೆಪ್ಟೆಂಬರಿನಿಂದ, 2,500 ರೂಪಾಯಿವರೆಗಿನ ಜೋಡುಗಳಿಗೆ, ಮತ್ತೆ 5ಕ್ಕೆ ಇಳಿಸಿದ್ದಾರೆ. ಆ ಉಳಿತಾಯ ಯಾರ ಜೇಬಿಗೆ ಹೋಯಿತೆಂದು ಯಾರಾದರೂ ಕೇಳಿದರೆ ನಿಮ್ಮ ಪುಸ್ತಕದಲ್ಲಿ ಉತ್ತರವಿರಲಿ.

ಪುಸ್ತಕವೆಂದೆನಷ್ಟೆ. ನಿಮ್ಮ ಸಂಸ್ಥೆಯ ರೂಪವೇನೆಂಬುದು ನನಗೆ ನಿಮ್ಮ ಚಪ್ಪಲಿಯ ರೂಪಕ್ಕಿಂತ ಮುಖ್ಯವಾಗಿ ತೋರುತ್ತದೆ. ದಯಾಳುವಾದ ಯಜಮಾನನ ಕೈಕೆಳಗೆ ಸುಖವಾಗಿರುವ ಕೂಲಿಗಳನ್ನು ಕಂಡು ಸಂತೋಷಪಡುವ ಕಾಲ ಹಿಂದಾಯಿತು. ಯಜಮಾನನ ದಯೆ ಅವನ ಲಾಭದೊಡನೆ ಏರಿ ಇಳಿಯುತ್ತದೆ. ಸಹಕಾರ ಸಂಘವೆಂದರೆ ರಾಜಕಾರಣಿಗಳ ಭಯ ನಿಮಗಿರುವುದಾದರೆ, 2002ರಲ್ಲಿ ಕಂಪನಿ ಕಾಯಿದೆಗೆ ಮಾಡಿದ ತಿದ್ದುಪಡಿಯಂತೆ ಹತ್ತು ಮಂದಿ ಉತ್ಪಾದಕರು ಕೂಡಿ ತಮ್ಮದೇ ಉತ್ಪಾದಕರ ಕಂಪನಿಯನ್ನು ಕಟ್ಟಿಕೊಳ್ಳಬಹುದು. ಅದರಲ್ಲಿ ಹದಗಾರನೂ, ಅಟ್ಟೆ ಕತ್ತರಿಸುವವನೂ, ಹೆಣೆಯುವ ಹೆಂಗಸೂ ಷೇರುದಾರರಾಗಿ, ನೀವು ಅವರು ನೇಮಿಸಿದ, ಅವರು ಬೇಡವೆಂದರೆ ಬಿಟ್ಟುಹೋಗಬೇಕಾದ ಅಧಿಕಾರಿಯಾಗಿರಿ. ಈ ಮಾತನ್ನು ಓದಿ ನಿಮ್ಮಲ್ಲಿ ಅನೇಕರ ಉತ್ಸಾಹ ತಗ್ಗುವುದೆಂದು ನಾನು ಬಲ್ಲೆ. ತಗ್ಗಿದವರು ಚಪ್ಪಲಿಯ ವ್ಯಾಪಾರ ಮಾಡಲಿ. ಪ್ರಾಮಾಣಿಕವಾದ ವ್ಯಾಪಾರವೂ ಗೌರವದ ಕೆಲಸವೇ. ಉದ್ಧಾರದ ಹೆಸರನ್ನು ಮಾತ್ರ ಅದಕ್ಕೆ ಅಂಟಿಸದಿರಲಿ.

ಮುಂಗಾರಿಗೆ ಇನ್ನೂ ಸಮಯವಿದೆ. ನಿಮ್ಮಲ್ಲಿ ಯಾರು ಈ ವರ್ಷ ಅಥಣಿಯಲ್ಲಿ ಸರಕು ಮಾಡಿಸುವಿರೋ ಅವರು, ಜೋಡೊಂದಕ್ಕೆ ತೊಗಲಿಗೆಷ್ಟು, ಹದಕ್ಕೆಷ್ಟು, ಅಟ್ಟೆಗೆಷ್ಟು, ಹೆಣಿಗೆಗೆಷ್ಟು, ಹೊಲಿಗೆಗೆಷ್ಟು, ನಿಮಗೆಷ್ಟು, ಅಂಗಡಿಗೆಷ್ಟು ಎಂಬ ಪಟ್ಟಿಯನ್ನು ಬರೆದು ಕೆಲಸದ ಮನೆಯ ಗೋಡೆಗೆ ಅಂಟಿಸಿರಿ. ಆ ಕೇರಿಗಳಲ್ಲಿ ಎರಡು ಭಾಷೆಗಳೂ ನಡೆಯುವುದರಿಂದ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆಯಿರಿ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ಕೂಲಿಗೆಂದು ಜೋಡಿಗೆ ಇಂತಿಷ್ಟು ತೆಗೆದಿಡುವುದಾಗಿ ಅದೇ ಪಟ್ಟಿಯ ಕೊನೆಯ ಸಾಲಿನಲ್ಲಿ ಕಾಣಿಸಿ, ಆ ಹಣವಿರುವ ಬ್ಯಾಂಕಿನ ಖಾತೆಗೆ ರುಜು ಹಾಕುವ ಅಧಿಕಾರವನ್ನು ಹದಗಾರರಲ್ಲಿ ಒಬ್ಬರಿಗೂ ಹೆಣೆಯುವ ಹೆಂಗಸರಲ್ಲಿ ಒಬ್ಬರಿಗೂ ಕೊಡಿಸಿರಿ.

ಇತಿ,
ನಿಮ್ಮ ಹಿತೈಷಿಯಾದ
ಬೆಳಗಾವಿ ಸೀಮೆಯ ಒಬ್ಬ ನಿವೃತ್ತ ಮಾಸ್ತರ